ಒಂದೇ ಪದ ನೌನೂ ಹೌದು ವರ್ಬೂ ಹೌದು, ಇದನ್ನ ಮಕ್ಕಳಿಗೆ ಹೆಂಗೆ ಹೇಳ್ಕೊಡ್ತೀರ?

ಫಿಲ್ಟರ್_ಕಾಫಿ
ನಮಸ್ಕಾರ ಎಲ್ರಿಗೂ. ಮಗಳು ಏಳನೇ ಕ್ಲಾಸು. ಈ ವಾರ ಇಂಗ್ಲಿಷ್ ಗ್ರಾಮರಲ್ಲಿ ಒಂದೇ ಪದಾನ ನೌನಾಗೊಂದ್ಸಲ ವರ್ಬಾಗೊಂದ್ಸಲ ಬಳಸಿ ವಾಕ್ಯ ಬರೀರಿ ಅಂತ ಹೋಮ್‌ವರ್ಕು. ವಾಟರ್, ಐರನ್, ಬುಕ್, ಹ್ಯಾಂಡ್, ವಾಕ್, ಪ್ರೆಸೆಂಟ್, ರೆಕಾರ್ಡ್ ಹಿಂಗೆ ಒಂದು ಪುಟ ತುಂಬ ಕೊಟ್ಟಿದಾರೆ. ಹೆಸರು ಹೇಳಿದ್ರೆ ನೌನು ಕೆಲಸ ಹೇಳಿದ್ರೆ ವರ್ಬು ಅಂತ ತಾನೆ ನಮಗೆಲ್ಲ ಹೇಳ್ಕೊಟ್ಟಿದ್ದು, ಅದನ್ನೇ ಅವಳಿಗೂ ಹೇಳ್ದೆ. "ವಿ ವೆಂಟ್ ಫಾರ್ ಎ ವಾಕ್ ಅನ್ನೋದ್ರಲ್ಲಿ ವಾಕ್ ಕೆಲ್ಸ ಅಲ್ವಾ ಅಪ್ಪಾ, ನಡೆಯೋದು ತಾನೆ, ಮತ್ತೆ ಅದು ಹೆಂಗೆ ನೌನಾಯ್ತು" ಅಂತ ತಿರುಗಿ ಕೇಳ್ತಾಳೆ. ಪ್ರಶ್ನೆ ಸರಿಯಾಗೇ ಇದೆ. ಇಂಥ ಪದಗಳ ಲಿಸ್ಟು ಬಾಯಿಪಾಠ ಮಾಡ್ಸೋದು ಬಿಟ್ಟು ಬೇರೆ ದಾರಿ ಏನಾದ್ರೂ ಇದ್ಯಾ? ಟೀಚಿಂಗಲ್ಲಿ ಇರೋರು ದಯವಿಟ್ಟು ಹೇಳಿ.

ಮಂಡ್ಯದ_ಮೇಷ್ಟ್ರು
ಲಿಸ್ಟ್ ಬಾಯಿಪಾಠ ಮಾಡ್ಸಕ್ಕೆ ಮಾತ್ರ ಹೋಗ್ಬೇಡಿ ಸ್ವಾಮಿ, ಮುಗಿಯೋ ಲಿಸ್ಟೇ ಅಲ್ಲ ಅದು. ಸರ್ವಿಸ್ ಪೂರ್ತಿ ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿ ರಿಟೈರ್ ಆದೋನು ನಾನು. "ಹೆಸರು, ಕೆಲಸ" ಅನ್ನೋ ಡೆಫಿನಿಷನ್ನಿಂದಾನೇ ಅರ್ಧ ತೊಂದ್ರೆ ಶುರುವಾಗೋದು, ಯಾಕಂದ್ರೆ ಅದು ಅರ್ಥ ನೋಡಿ ಹೇಳೋ ಡೆಫಿನಿಷನ್ನು, ಇಂಗ್ಲಿಷಲ್ಲಿ ನೋಡ್ಬೇಕಾಗಿರೋದು ಪದ ಕೂತಿರೋ ಜಾಗ.

ಮಗೀಗೆ ಹಿಂಗೆ ಹೇಳಿ. ಪದದ ಹಿಂದೆ ಎ, ದಿ, ಮೈ, ದಿಸ್, ಸಮ್ ಇಂಥದ್ದು ನಿಂತಿದ್ರೆ, ಇಲ್ಲ ನಿಲ್ಲಿಸಿದ್ರೆ ಒಗ್ಗೋದಾದ್ರೆ, ಅದು ನೌನು. ಟು, ಕ್ಯಾನ್, ವಿಲ್, ಡೋಂಟ್ ಇವು ಒಗ್ಗಿದ್ರೆ ವರ್ಬು. ಫಾರ್ ಎ ವಾಕ್ ಅಂದಾಗ "ಎ" ಇದೆ, ಮುಗೀತು, ನಡೆಯೋ ಕೆಲ್ಸಾನೇ ಆದ್ರೂ ಅಲ್ಲಿ ಅದು ನೌನಿನ ಜಾಗದಲ್ಲಿ ಕೂತಿದೆ. "ಐ ವಾಕ್ ಟು ಸ್ಕೂಲ್" ಅನ್ನೋದನ್ನ "ಐ ವಾಕ್ಡ್ ಟು ಸ್ಕೂಲ್" ಅಂತ ನಿನ್ನೆಗೆ ತಳ್ಳಬೋದು, ಆದ್ದರಿಂದ ವರ್ಬು. ಎಸ್ ಹತ್ತೋದನ್ನ ಮಾತ್ರ ನಂಬಬೇಡಿ. "ಹರ್ ಪ್ಲಾನ್ಸ್" ಅಂದ್ರೆ ನೌನು, "ಶೀ ಪ್ಲಾನ್ಸ್" ಅಂದ್ರೆ ವರ್ಬು, ಬಾಲ ಎರಡಕ್ಕೂ ಒಂದೇ.

ಇನ್ನೊಂದು ಮಜಾ ಕೇಳಿ. ಟೀಚ್ ಮಾಡೋನು ಟೀಚರ್, ಡ್ರೈವ್ ಮಾಡೋನು ಡ್ರೈವರ್ ಅಂತ ಒಂದ್ಸಲ ಹೇಳ್ಕೊಟ್ರೆ ಮಕ್ಕಳು "ಮೈ ಮದರ್ ಇಸ್ ಎ ಗುಡ್ ಕುಕ್ಕರ್" ಅಂತ ಬರ್ಕೊಂಡ್ ಬರ್ತಾವೆ, ಪ್ರತಿ ವರ್ಷ ಒಂದಾದ್ರೂ ಗ್ಯಾರಂಟಿ. ಅಮ್ಮ ಏನ್ ಮೂರು ವಿಷಲ್ ಹೊಡೀತಾರಾ ಅಂತ ಕೇಳ್ತಿದ್ದೆ. ಕುಕ್, ಗೈಡ್, ಜಡ್ಜ್, ಕೋಚ್, ಗಾರ್ಡ್, ಚೀಟ್ ಇವುಗಳಲ್ಲಿ ಮಾಡೋ ಕೆಲ್ಸಾನೂ ಮಾಡೋ ಮನುಷ್ಯಾನೂ ಒಂದೇ ಪದ.

ಹುಬ್ಳಿ_ಮಂದಿ
ಮೇಷ್ಟ್ರ ಹೇಳಿದ್ದು ಖರೆ ಐತ್ರಿ, ಆದ್ರ ಹುಡುಗೂರಿಗೆ ಎ, ದಿ ಅಂತ ಹೇಳಿದ್ರ ನಿದ್ದಿ ಬರತೈತಿ. ಕ್ರಿಕೆಟ್ ಕಾಮೆಂಟ್ರಿ ಕೇಳಸ್ರಿ ಸಾಕು. ಬ್ಯಾಟ್ ಕೈಯಾಗಿಂದು ನೌನು, "ಇಂಡಿಯಾ ವಿಲ್ ಬ್ಯಾಟ್ ಫಸ್ಟ್" ಅಂದ್ರ ವರ್ಬು. ಫೀಲ್ಡ್ ಅಂದ್ರ ಮೈದಾನ, ಟಾಸ್ ಗೆದ್ದು "ವಿ ವಿಲ್ ಫೀಲ್ಡ್" ಅಂದ್ರ ವರ್ಬು. ರನ್, ಕ್ಯಾಚ್, ಥ್ರೋ, ಕಟ್, ಪುಲ್, ಹುಕ್, ಸ್ವೀಪ್, ಡ್ರೈವ್, ಸ್ಟಂಪ್, ಎಲ್ಲಾ ಎರಡೂ ಕಡೆ ನಡೀತಾವ. "ವಾಟ್ ಎ ಡ್ರೈವ್" ಅಂದಾಗ ನೌನು, "ಹೀ ಡ್ರೈವ್ಸ್ ಥ್ರೂ ಕವರ್ಸ್" ಅಂದಾಗ ವರ್ಬು. ಅಂಪೈರ್ ಅನ್ನೂದೂ ವರ್ಬ್ ಆಗತೈತಿ, ಕ್ಯಾಪ್ಟನ್ ಅನ್ನೂದೂ ಆಗತೈತಿ, "ಹೀ ಕ್ಯಾಪ್ಟನ್ಡ್ ದಿ ಸೈಡ್" ಅಂತ ಪೇಪರ್‌ನ್ಯಾಗ ದಿನಾ ಬರತೈತಿ.

ಒಂದ ಡೌಟು ನಂದೂ ಐತಿ. ಬ್ಯಾಟ್‌ಲೆ ಬ್ಯಾಟ್ ಮಾಡ್ತಾರ ಅಂದಮ್ಯಾಲ ಬಾಲ್‌ಲೆ ಬಾಲ್ ಮಾಡಬೇಕಿತ್ತಲ್ರಿ, ಬೌಲ್ ಯಾಕ ಮಾಡ್ತಾರ?

ಹಳೇ_ಪುಸ್ತಕ
@ಹುಬ್ಳಿ_ಮಂದಿ ಒಳ್ಳೇ ಪ್ರಶ್ನೆ ಸರ್. ಬೌಲ್ ಅನ್ನೋದು ಫ್ರೆಂಚಿನ ಬೂಲ್ ಅನ್ನೋ ಪದದಿಂದ ಬಂದಿದ್ದು, ಅಲ್ಲಿ ಅದರ ಅರ್ಥವೇ ಚೆಂಡು, ಗುಂಡು. ಉರುಳಿಸಿ ಆಡೋ ಮರದ ಗುಂಡಿಗೆ ಬೌಲ್ ಅಂತಿದ್ರು, ಉರುಳಿಸೋದಕ್ಕೂ ಅದೇ ಪದ ಆಯ್ತು, ಮೊದಮೊದಲು ಕ್ರಿಕೆಟ್ಟಲ್ಲೂ ಚೆಂಡನ್ನ ನೆಲದ ಮೇಲೆ ಉರುಳಿಸೇ ಹಾಕ್ತಿದ್ದಿದ್ದು. ಪಾಯಸ ಹಾಕ್ಕೊಳ್ಳೋ ಬೌಲು ಬೇರೆ ಮೂಲದ್ದು, ಅದು ಹಳೇ ಇಂಗ್ಲಿಷಿನದೇ, ಇವೆರಡಕ್ಕೂ ನೆಂಟಸ್ತಿಕೆ ಇಲ್ಲ.

ಇಷ್ಟೊಂದು ಪದ ಯಾಕೆ ಎರಡೂ ಕಡೆ ಓಡಾಡ್ತವೆ ಅನ್ನೋದಕ್ಕೂ ಕಾರಣ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಹಿಂಗಿರಲಿಲ್ಲ, ನೌನಿಗೊಂದು ಬಾಲ ವರ್ಬಿಗೊಂದು ಬಾಲ ಇತ್ತು. ಪ್ರೀತಿ ಅನ್ನೋಕೆ ಲುಫು, ಪ್ರೀತಿಸೋದಕ್ಕೆ ಲುಫಿಯನ್. ಜನ ಮಾತಾಡ್ತಾ ಮಾತಾಡ್ತಾ ಪದದ ಕೊನೆ ನುಂಗ್ತಾ ಬಂದ್ರು, ಕೆಲವು ಶತಮಾನದಲ್ಲಿ ಬಾಲಗಳೆಲ್ಲ ಉದುರಿಹೋಗಿ ಎರಡೂ "ಲವ್" ಅಂತ ಉಳೀತು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದಮೇಲೆ ಫ್ರೆಂಚ್ ಪದಗಳು ರಾಶಿ ರಾಶಿ ಬಂದು ಸೇರ್ಕೊಂಡ್ವು, ಅವೂ ಇದೇ ದಾರಿ ಹಿಡಿದ್ವು. ಬಾಲ ಹೋದಮೇಲೆ ಯಾವ ಪದ ಎಲ್ಲಿ ಬೇಕಾದ್ರೂ ಕೂರಬೋದು, ಮೇಷ್ಟ್ರು ಹೇಳಿದ "ಕೂತ ಜಾಗ ನೋಡು" ಅನ್ನೋ ನಿಯಮ ಹುಟ್ಟಿದ್ದೇ ಅಲ್ಲಿಂದ. ಇವತ್ತು ಇಂಗ್ಲಿಷಿನ ವರ್ಬುಗಳಲ್ಲಿ ಸುಮಾರು ಐದನೇ ಒಂದು ಭಾಗ ಮೊದಲು ನೌನಾಗಿದ್ದವೇ ಅಂತ ಭಾಷಾತಜ್ಞ ಸ್ಟೀವನ್ ಪಿಂಕರ್ ಅಂದಾಜು ಮಾಡಿದಾರೆ.

ಇದನ್ನ ನೋಡಿ ಮೂಗು ಮುರಿಯೋದೂ ಹಳೇ ಕಾಲದಿಂದ ನಡ್ಕೊಂಡು ಬಂದಿದೆ. 1789ರಲ್ಲಿ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಪತ್ರ ಬರೆದು ನೋಟಿಸ್, ಅಡ್ವೊಕೇಟ್, ಪ್ರೋಗ್ರೆಸ್ ಇವನ್ನ ಜನ ವರ್ಬ್ ಮಾಡ್ಕೊಂಡಿದಾರೆ, ಇದನ್ನ ತಡೀರಿ ಅಂತ ಗೋಗರೆದಿದ್ದ. ಇವತ್ತು ಆ ಮೂರೂ ಮಾಮೂಲಿ ವರ್ಬುಗಳು, ಯಾರಿಗೂ ಕಿವಿ ಚುಚ್ಚಲ್ಲ. ಗೂಗಲ್ ಅನ್ನೋದು 2006ರಲ್ಲೇ ವರ್ಬಾಗಿ ಆಕ್ಸ್‌ಫರ್ಡ್ ನಿಘಂಟು ಸೇರ್ತು.

ಕೋಡ್_ಕುಟ್ಟೋನು
ನಮ್ ಆಫೀಸಲ್ಲಿ ಉಲ್ಟಾ ಕೇಸು, ವರ್ಬುಗಳನ್ನೆಲ್ಲ ನೌನ್ ಮಾಡಿ ಸಾಯಿಸ್ತಾರೆ. "ವಾಟ್ ಈಸ್ ದಿ ಆಸ್ಕ್", "ಸೆಂಡ್ ಮಿ ಆನ್ ಇನ್ವೈಟ್". ಕೇಳಿದ್ರೆ ಮೈ ಉರಿಯತ್ತೆ. ಆಸ್ಕ್ ಅನ್ನಕ್ಕೆ ರಿಕ್ವೆಸ್ಟ್ ಅಂತ ಪದ ಇಲ್ವಾ?

ಹಳೇ_ಪುಸ್ತಕ
@ಕೋಡ್_ಕುಟ್ಟೋನು ಇನ್ವೈಟ್ ನೌನಾಗಿ 17ನೇ ಶತಮಾನದಿಂದಾನೇ ಇದೆ ಗುರು, ಕಾರ್ಪೊರೇಟ್‌ನೋರು ಕಂಡುಹಿಡಿದಿದ್ದಲ್ಲ. ಇಂಪ್ಯಾಕ್ಟ್ ಅನ್ನೋದನ್ನ ವರ್ಬಾಗಿ ಬಳಸಿದ್ರೆ ಬೈತಾರಲ್ಲ, ಇಂಗ್ಲಿಷಲ್ಲಿ ಮೊದಲು ಬಂದಿದ್ದೇ ವರ್ಬು, ನೌನು ಅದಾದ್ಮೇಲೆ. ಆಸ್ಕ್ ಬಗ್ಗೆ ಮಾತ್ರ ನಾನೂ ನಿಮ್ ಪಾರ್ಟಿನೇ. ಕಾರಣ ಏನೂ ಇಲ್ಲ, ಇಷ್ಟ ಇಲ್ಲ ಅಷ್ಟೆ.

ಕರಾವಳಿ_ಕುಸುಮ
ಎಲ್ಲರೂ ಬರವಣಿಗೆಯ ಬಗ್ಗೆಯೇ ಮಾತಾಡ್ತಾ ಇದ್ದೀರಿ ಮಾರಾಯ್ರೆ, ಉಚ್ಚಾರಕ್ಕೆ ಬನ್ನಿ ಸ್ವಲ್ಪ. ನಾನು ವಾಯ್ಸ್ ಅಂಡ್ ಆಕ್ಸೆಂಟ್ ಟ್ರೈನಿಂಗ್ ಕೊಡುವವಳು, ನಮ್ಮವರು ಹೆಚ್ಚು ಎಡವುದು ಇಲ್ಲಿಯೇ.

ಫಿಲ್ಟರ್ ಕಾಫಿಯವರ ಲಿಸ್ಟಿನಲ್ಲಿ ರೆಕಾರ್ಡ್ ಮತ್ತು ಪ್ರೆಸೆಂಟ್ ಉಂಟಲ್ಲ, ಅವು ಕಾಗದದ ಮೇಲೆ ಮಾತ್ರ ಒಂದು, ಬಾಯಲ್ಲಿ ಎರಡು. ನೌನಾದರೆ ಮೊದಲ ಅಕ್ಷರಕ್ಕೆ ಒತ್ತು, ರೆಕಾರ್ಡ್ ಅಂತ "ರೆ"ಯನ್ನು ಗಟ್ಟಿಯಾಗಿ. ವರ್ಬಾದರೆ ಒತ್ತು ಹಿಂದೆ ಹೋಗ್ತದೆ, ರಿಕಾರ್ಡ್ ಅಂತ "ಕಾ" ಗಟ್ಟಿ. ಪ್ರೆಝಂಟ್ ಅಂದರೆ ಉಡುಗೊರೆ, ಪ್ರಿಝೆಂಟ್ ಅಂದರೆ ಒಪ್ಪಿಸುದು. ಆಬ್ಜೆಕ್ಟ್, ಪರ್ಮಿಟ್, ಕಾಂಟ್ರಾಕ್ಟ್, ಕಂಡಕ್ಟ್, ಇಂಪೋರ್ಟ್, ಸಸ್ಪೆಕ್ಟ್ ಎಲ್ಲ ಹೀಗೆಯೇ. ರೆಫ್ಯೂಸ್ ಅಂತ ಮೊದಲಕ್ಷರ ಒತ್ತಿ ಹೇಳಿದರೆ ಕಸ, ರಿಫ್ಯೂಝ್ ಅಂದರೆ ಒಲ್ಲೆ ಅನ್ನುದು. ಹಾಗಂತ ಎಲ್ಲದಕ್ಕೂ ಇದನ್ನೇ ಹಚ್ಚಲಿಕ್ಕೆ ಹೋಗಬೇಡಿ. ರಿಪೋರ್ಟ್, ರಿಪ್ಲೈ, ಸಪೋರ್ಟ್, ಕಂಟ್ರೋಲ್, ರಿಕ್ವೆಸ್ಟ್ ಇವಕ್ಕೆ ಒತ್ತು ಕದಲುದಿಲ್ಲ, ನೌನಾದರೂ ಹಿಂದೆಯೇ.

ಮತ್ತೊಂದು ಜಾತಿ ಉಂಟು, ಕೊನೆಯ ಸದ್ದು ಬದಲಾಗುವಂಥದ್ದು. ಯೂಸ್ ನೌನು, ಯೂಝ್ ವರ್ಬು. ಹೌಸ್ ನೌನು, ಹೌಝ್ ವರ್ಬು. ಎಕ್ಸ್‌ಕ್ಯೂಸ್, ಅಬ್ಯೂಸ್ ಕೂಡ ಹಾಗೆಯೇ. ಎಸ್ಟಿಮೇಟ್, ಗ್ರಾಜುಯೇಟ್, ಡೂಪ್ಲಿಕೇಟ್ ಇವಕ್ಕೆ ವರ್ಬಾದಾಗ ಮಾತ್ರ ಕೊನೆಗೆ "ಏಟ್", ನೌನಾದಾಗ ಅದು ಕುಗ್ಗಿ "ಅಟ್" ಅಂತ ಕೇಳ್ತದೆ. ನಾವು ಕನ್ನಡದಲ್ಲಿ ಎರಡಕ್ಕೂ ಡೂಪ್ಲಿಕೇಟೇ.

ಯಾಕೆ ಹೀಗಾಗ್ತದೆ ಅಂತ ನನ್ನದೊಂದು ಲೆಕ್ಕಾಚಾರ ಉಂಟು. ಕನ್ನಡಕ್ಕೆ ಬಂದ ಇಂಗ್ಲಿಷ್ ಪದಕ್ಕೆ ನೌನು ವರ್ಬು ಅಂತ ಭೇದವೇ ಇಲ್ಲ, ಒಂದು "ಮಾಡು" ಅಂಟಿಸಿದರೆ ಆಯ್ತು. ರೆಕಾರ್ಡ್ ಮಾಡು, ಯೂಸ್ ಮಾಡು, ವಿಸಿಟ್ ಮಾಡು. ವರ್ಬಿನ ಭಾರವನ್ನು ಪೂರ್ತಿ "ಮಾಡು" ಹೊತ್ತುಕೊಳ್ತದೆ, ಇಂಗ್ಲಿಷ್ ಪದ ಅದರ ಮುಂದೆ ಸುಮ್ಮನೆ ಹೆಸರಿನ ಹಾಗೆ ಕೂತಿರ್ತದೆ. ಅದೇ ಪದವನ್ನು ವಾಪಸ್ ಇಂಗ್ಲಿಷ್ ವಾಕ್ಯಕ್ಕೆ ಹಾಕುವಾಗ ನಮ್ಮ ವಿಭಕ್ತಿಯೂ ಜೊತೆಗೆ ಹೋಗಿ ಬಿಡ್ತದೆ. ಮೈಸೂರಿಗೆ ವಿಸಿಟ್ ಮಾಡಿದೆವು, ಆದ್ದರಿಂದ "ವಿ ವಿಸಿಟೆಡ್ ಟು ಮೈಸೂರು". ಇದರ ಬಗ್ಗೆ ಡಿಸ್ಕಸ್ ಮಾಡಿದೆವು, ಆದ್ದರಿಂದ "ವಿ ಡಿಸ್ಕಸ್ಡ್ ಅಬೌಟ್ ಇಟ್". ರಜೆಗೆ ರಿಕ್ವೆಸ್ಟ್ ಮಾಡಿದೆ, "ಐ ರಿಕ್ವೆಸ್ಟೆಡ್ ಫಾರ್ ಲೀವ್". ಎಲ್ಲದರಲ್ಲಿಯೂ ಒಂದು ಚೂರು ಹೆಚ್ಚು, ಆ ಟು, ಅಬೌಟ್, ಫಾರ್ ಇಂಗ್ಲಿಷಿನಲ್ಲಿ ಬೇಡ.

ಮಂಡ್ಯದ_ಮೇಷ್ಟ್ರು
ಭೇಷ್ ಕಣಮ್ಮ. ಇದನ್ನ ಕ್ಲಾಸಲ್ಲಿ ಬೇರೆ ಥರ ಹೇಳ್ತಿದ್ದೆ, ಇಲ್ಲೇ ಹಾಕ್ಬಿಡ್ತೀನಿ ಯಾರಿಗಾದ್ರೂ ಆಯ್ತದೆ. ಎರಡೂ ಕಡೆ ಓಡಾಡೋ ಪದ ನೌನಾಗಿದ್ದಾಗ ಮುಂದೆ ಒಂದು ಪ್ರಿಪೊಸಿಷನ್ (ಟು, ಫಾರ್, ಆಫ್, ಆನ್ ಥರದ್ದು) ಕೇಳ್ತದೆ, ವರ್ಬಾಗಿದ್ದಾಗ ಎಷ್ಟೋ ಸಲ ಕೇಳಾಕಿಲ್ಲ. ಎ ವಿಸಿಟ್ ಟು ಮೈಸೂರು, ಆದ್ರೆ ವಿಸಿಟ್ ಮೈಸೂರು. ದಿ ಆನ್ಸರ್ ಟು ದಿ ಕ್ವೆಶ್ಚನ್, ಆದ್ರೆ ಆನ್ಸರ್ ದಿ ಕ್ವೆಶ್ಚನ್. ಎ ಡಿಮ್ಯಾಂಡ್ ಫಾರ್ ವಾಟರ್, ಆದ್ರೆ ದೇ ಡಿಮ್ಯಾಂಡೆಡ್ ವಾಟರ್. ಲ್ಯಾಕ್ ಆಫ್ ಸ್ಲೀಪ್, ಆದ್ರೆ ಹೀ ಲ್ಯಾಕ್ಸ್ ಸ್ಲೀಪ್, ಅಲ್ಲಿ ಆಫ್ ಹಾಕಂಗಿಲ್ಲ. ಆನ್ ಅಟ್ಯಾಕ್ ಆನ್ ದಿ ಫೋರ್ಟ್, ಆದ್ರೆ ದೇ ಅಟ್ಯಾಕ್ಡ್ ದಿ ಫೋರ್ಟ್. ಎಫ್‌ಡಿಎ ಎಸ್‌ಡಿಎ ಪರೀಕ್ಷೆಗೆ ಓದೋ ಹುಡುಗ್ರು ಈ ಐದು ಜೋಡಿ ಗಟ್ಟಿ ಮಾಡ್ಕಳಿ, ತಪ್ಪು ಹುಡುಕೋ ಪ್ರಶ್ನೇಲಿ ಕೈ ಹಿಡೀತವೆ. ಕಾಮೆಂಟ್ ಥರದವು ಮಾತ್ರ ಎರಡು ಕಡೇನೂ ಆನ್ ಕೇಳ್ತವೆ, ಅವು ಅಪವಾದ.

ಎಕ್ಸಾಂ_ವಾರಿಯರ್
ಸಾರ್ ಇಂಥ ಪದಗಳದ್ದೆಲ್ಲ ಪಿಡಿಎಫ್ ಇದ್ರೆ ಕಳ್ಸಿ ಸಾರ್

ನ್ಯೂಜೆರ್ಸಿ_ನಿಂಗ
@ಕರಾವಳಿ_ಕುಸುಮ ಮೇಡಂ, ಥಿಯರಿ ಚೆನ್ನಾಗಿದೆ, ಪೂರ್ತಿ ಒಪ್ಪಕ್ಕಾಗಲ್ಲ. ಎರಡು ತಕರಾರು. ಒಂದು, "ಮಾಡು" ಮುಂದೆ ಕೂರೋದು ನೌನೇ ಆಗಿದ್ರೆ ನಾವು ಡಿಸ್ಕಷನ್ ಮಾಡು, ಸೆಲೆಕ್ಷನ್ ಮಾಡು, ಅಡ್ಮಿಷನ್ ಮಾಡು ಅಂತ ಮಾತ್ರ ಅನ್ಬೇಕಿತ್ತು. ಸೆಲೆಕ್ಟ್ ಮಾಡು, ಅಡ್ಮಿಟ್ ಮಾಡು ಅಂತ ವರ್ಬನ್ನೇ ತಗೊಂಡಿದೀವಲ್ಲ? ಎರಡು, ಡಿಸ್ಕಸ್ ಅಬೌಟ್ ಅನ್ನೋದು ನಮ್ಮೊಬ್ರದ್ದೇ ಸ್ವತ್ತಲ್ಲ. ಹಿಂದಿಯೋರು ಅಂತಾರೆ, ತಮಿಳ್ರು ಅಂತಾರೆ, ಇಲ್ಲಿ ನನ್ನ ಟೀಮಲ್ಲಿರೋ ನೈಜೀರಿಯಾದವನೂ ಅಂತಾನೆ. ಅವನಿಗೆ ಯಾವ "ಮಾಡು" ಕಾಟ? "ಡಿಸ್ಕಷನ್ ಅಬೌಟ್" ಅಂತ ಇಂಗ್ಲಿಷೊಳಗೇ ಇದೆ, ಅದನ್ನ ನೋಡಿ ವರ್ಬಿಗೂ ಹಾಕ್ತಾರೆ ಅಷ್ಟೆ ಅಂತ ನನ್ನ ಅನಿಸಿಕೆ.

ಇನ್ನೊಂದು ವಿಷ್ಯ, ಒಂದೇ ವರ್ಬು ಅಮೆರಿಕದಲ್ಲೊಂದರ್ಥ ನಮ್ಮಲ್ಲೊಂದರ್ಥ ಆಗೋದೂ ಉಂಟು. ಟೇಬಲ್ ತಗೊಳ್ಳಿ. ವಿಧಾನಸೌಧದಲ್ಲಿ ಬಿಲ್ ಟೇಬಲ್ ಮಾಡಿದ್ರು ಅಂದ್ರೆ ಮಂಡಿಸಿದ್ರು ಅಂತ, ಬ್ರಿಟಿಷರದ್ದೂ ಅದೇ ಅರ್ಥ. ಅಮೆರಿಕದಲ್ಲಿ "ಲೆಟ್ಸ್ ಟೇಬಲ್ ದಿಸ್" ಅಂದ್ರೆ ಸದ್ಯಕ್ಕೆ ಇದನ್ನ ಪಕ್ಕಕ್ಕಿಡೋಣ ಅಂತ, ಪೂರಾ ಉಲ್ಟಾ. ಬೆಂಗಳೂರಿನಿಂದ ಮೀಟಿಂಗಿಗೆ ಬಂದವರು ಆ ಮಾತು ಕೇಳಿ ಮೈಕ್ ಆನ್ ಮಾಡಿ ಸ್ಲೈಡ್ ತೆಗೆದು ರೆಡಿಯಾಗ್ತಾರೆ, ಈ ಕಡೆಯವರು ಮುಂದಿನ ಐಟಂಗೆ ಹೋಗಿರ್ತಾರೆ. ಸ್ಪೆಲಿಂಗೂ ಅಷ್ಟೆ. ಪ್ರಾಕ್ಟಿಸ್, ಲೈಸೆನ್ಸ್ ಎರಡಕ್ಕೂ ಊರಲ್ಲಿ ನೌನಿಗೆ ಸಿ ವರ್ಬಿಗೆ ಎಸ್ ಅಂತ ಕಲ್ತಿದ್ದು, ಇಲ್ಲಿ ಪ್ರಾಕ್ಟಿಸ್ ಯಾವಾಗ್ಲೂ ಸಿ, ಲೈಸೆನ್ಸ್ ಯಾವಾಗ್ಲೂ ಎಸ್. ಅಡ್ವೈಸ್ ಸಿ, ಅಡ್ವೈಝ್ ಎಸ್ ಅನ್ನೋದು ಮಾತ್ರ ಎರಡು ದೇಶದಲ್ಲೂ ಹಂಗೇ ಉಳ್ಕೊಂಡಿದೆ.

ಕರಾವಳಿ_ಕುಸುಮ
@ನ್ಯೂಜೆರ್ಸಿ_ನಿಂಗ ನಿಮ್ಮ ಎರಡನೇ ತಕರಾರು ಸರಿ, ನೈಜೀರಿಯಾದವರಿಗೆ ಕನ್ನಡದ ಲೆಕ್ಕ ಹಾಕಲಿಕ್ಕಾಗುದಿಲ್ಲ. ಮೊದಲನೆಯದಕ್ಕೆ ಉತ್ತರ ಉಂಟು. ಸೆಲೆಕ್ಟ್ ಮಾಡು ಅಂದಾಗ ಆ ಸೆಲೆಕ್ಟು ಇಂಗ್ಲಿಷಿನ ವರ್ಬಾಗಿ ಉಳಿದಿದೆಯಾ ಹೇಳಿ? ಸೆಲೆಕ್ಟೆಡ್ ಮಾಡಿದೆ ಅಂತೀರಾ? ಕಾಲ, ಲಿಂಗ, ಬಹುವಚನ ಎಲ್ಲ ತಗೊಳ್ಳುದು ಮಾಡು, ಮಾಡಿದಳು, ಮಾಡಿದರು ಅಂತ. ಸೆಲೆಕ್ಟ್ ಅಲ್ಲಿ ನೌನೂ ಅಲ್ಲ ವರ್ಬೂ ಅಲ್ಲ, ಒಂದು ಹಣೆಪಟ್ಟಿ. ಹೆಸರಿನ ಹಾಗೆ ಕೂತಿರ್ತದೆ ಅಂದೆ, ಹೆಸರೇ ಅಂತ ಹೇಳಲಿಲ್ಲ.

ಮಲ್ನಾಡ್_ಅಡಿಕೆ
ಎಲ್ರೂ ಇಂಗ್ಲಿಷಲ್ಲಿ ಮಾತ್ರ ಹೀಗೆ ಅನ್ನೋ ಥರ ಮಾತಾಡ್ತಿದೀರಲ್ಲ, ಕನ್ನಡದಲ್ಲಿ ಇಲ್ವಾ? ನಗು, ಅಳು, ಹಾಡು, ಕೂಗು, ಕೆಮ್ಮು, ಸೀನು, ಬೆವರು, ಉಗುಳು. ಮಳೆಗಾಲ ಬಂದ್ರೆ ಗುಡುಗು, ಮಿಂಚು, ಚಿಗುರು. ಬದುಕು, ಬಾಳು ಕೂಡ. ಅಡುಗೆಮನೆಗೆ ಬನ್ನಿ, ಕಾಯಿ ತುರಿ ಅಂದ್ರೆ ತುರಿಯೋ ಕೆಲ್ಸಾನೂ ಹೌದು ತುರಿದ ಕಾಯಿನೂ ಹೌದು. "ಕಾಯಿ ತುರಿ" ಅಂತ ಅತ್ತೆ ಕೂಗಿದ್ರೆ ತುರಿಮಣೆ ಮೇಲೆ ಕೂರ್ಬೇಕೋ ಡಬ್ಬಿ ತೆಗ್ದು ಕೊಡ್ಬೇಕೋ, ಅವರ ದನಿ ನೋಡಿ ತಿಳ್ಕೋಬೇಕು.

ಆದ್ರೆ ನಮ್ಮಲ್ಲಿ ಗೊಂದಲ ಆಗೋದು ಆ ಮೂಲ ರೂಪದಲ್ಲಿ ಮಾತ್ರ. ನಕ್ಕಳು, ನಗ್ತಾಳೆ ಅಂದ್ರೆ ಕ್ರಿಯೆ, ನಗುವನ್ನ, ನಗುವಿಗೆ ಅಂದ್ರೆ ನಾಮಪದ, ಬಾಲ ಬಂದ ತಕ್ಷಣ ದಾರಿ ಬೇರೆ. ಹಳೇ ಪುಸ್ತಕದವರು ಹೇಳಿದ್ರಲ್ಲ ಇಂಗ್ಲಿಷಲ್ಲಿ ಬಾಲ ಉದುರಿಹೋಯ್ತು ಅಂತ, ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಎಷ್ಟೋ ಕಡೆ ಮೂಲಾನೂ ಬೇರೆ ಮಾಡ್ಕೊಳ್ತೀವಿ. ಓಡು ಓಟ, ಆಡು ಆಟ, ನೋಡು ನೋಟ, ಕೂಡು ಕೂಟ, ಮಾಡು ಮಾಟ (ಇದನ್ನ ಮಾಡ್ಸೋರ ಹತ್ರ ಹುಷಾರು). ಸ್ವರ ಎಳೆದು ಕೆಡು ಕೇಡು, ಪಡು ಪಾಡು.

ನಮ್ಮಲ್ಲಿ ಆಗದೇ ಇರೋದು ಅಂದ್ರೆ ವಸ್ತುವಿನ ಹೆಸರನ್ನ ಎತ್ತಿ ನೇರ ಕ್ರಿಯಾಪದ ಮಾಡೋದು. ಇಂಗ್ಲಿಷ್‌ನೋರು ದೇಹದ ಒಂದು ಅಂಗಾನೂ ಬಿಟ್ಟಿಲ್ಲ ನೋಡಿ. ಹ್ಯಾಂಡ್ ಅಂದ್ರೆ ಕೊಡು, ಐ ಅಂದ್ರೆ ಕಣ್ಣು ಹಾಕು, ನೋಸ್ ಅಂದ್ರೆ ಮೂಗು ತೂರಿಸು, ಶೋಲ್ಡರ್ ಅಂದ್ರೆ ಹೆಗಲು ಕೊಡು, ಬ್ಯಾಕ್ ಅಂದ್ರೆ ಬೆನ್ನಿಗೆ ನಿಲ್ಲು, ಫುಟ್ ದಿ ಬಿಲ್ ಅಂದ್ರೆ ಖರ್ಚು ವಹಿಸ್ಕೋ, ಸ್ಟಮಕ್ ಅಂದ್ರೆ ಅರಗಿಸ್ಕೋ. ನಾವೂ ಅದೇ ಅಂಗಾಂಗ ಬಳಸ್ತೀವಿ, ಕೈ ಕೊಡು ಅಂದ್ರೆ ಮೋಸಾನೂ ಆಗತ್ತೆ, ತಲೆ ಹಾಕು, ಬಾಯಿ ಬಿಡು, ಕಾಲು ಕೆರಿ, ಎಲ್ಲ ಇದೆ, ಆದ್ರೆ ಪ್ರತಿಯೊಂದಕ್ಕೂ ಒಂದು ಸಹಾಯದ ಕ್ರಿಯಾಪದ ಬೇಕೇ ಬೇಕು. ಬರೀ "ಮೂಗಿದ" ಅನ್ನಕ್ಕಾಗಲ್ಲ.

ಹಳೇ_ಪುಸ್ತಕ
ತುರಿ ಉದಾಹರಣೆ ಸೂಪರ್. ಅಡುಗೆಮನೆಲಿ ಇಂಗ್ಲಿಷಿನ ಒಂದು ಕಿತಾಪತಿನೂ ಇದೆ. ಪೀಲ್ ನೌನಾದ್ರೆ ಸಿಪ್ಪೆ, ವರ್ಬಾದ್ರೆ ಸಿಪ್ಪೆ ತೆಗಿ. ಸಾಲ್ಟ್ ನೌನಾದ್ರೆ ಉಪ್ಪು, ವರ್ಬಾದ್ರೆ ಉಪ್ಪು ಹಾಕು. ಒಂದ್ರಲ್ಲಿ ತೆಗೆಯೋದು ಒಂದ್ರಲ್ಲಿ ಹಾಕೋದು, ನಿಯಮ ಎಲ್ಲಿ? ಡಸ್ಟ್ ಅಂತೂ ಎರಡೂ ಮಾಡತ್ತೆ, ಮೇಜು ಡಸ್ಟ್ ಮಾಡಿದ್ರೆ ಧೂಳು ಹೋಗತ್ತೆ, ಪೈರಿಗೆ ಔಷಧಿ ಡಸ್ಟ್ ಮಾಡಿದ್ರೆ ಪುಡಿ ಬಂದು ಕೂರತ್ತೆ. 1979ರಲ್ಲಿ ಈವ್ ಕ್ಲಾರ್ಕ್, ಹರ್ಬರ್ಟ್ ಕ್ಲಾರ್ಕ್ ಅನ್ನೋ ಇಬ್ರು ಸಂಶೋಧಕರು ಇಂಥ ವರ್ಬುಗಳ ಮೇಲೇನೇ ದೊಡ್ಡ ಲೇಖನ ಬರೆದ್ರು. ಕೇಳೋನಿಗೂ ಹೇಳೋನಿಗೂ ಲೋಕಜ್ಞಾನ ಒಂದೇ ಇದ್ರೆ ಅರ್ಥ ತಾನಾಗೇ ಹೊಳೆಯತ್ತೆ ಅನ್ನೋದು ಅವರ ವಾದ. ಮೇಜಿನ ಮೇಲೆ ಯಾರೂ ಬೇಕಂತ ಧೂಳು ಹಾಕಲ್ವಲ್ಲ.

ಕೋಡ್_ಕುಟ್ಟೋನು
ಮನುಷ್ಯರಿಗೆ ಹೊಳೆಯತ್ತೆ, ಕಂಪ್ಯೂಟರ್‌ಗೆ ಕಷ್ಟ ಇತ್ತು. ಅಮೆರಿಕದ ಬ್ರೌನ್ ಯೂನಿವರ್ಸಿಟಿಯಲ್ಲಿ 1960ರ ದಶಕದಲ್ಲಿ ಸುಮಾರು ಹತ್ತು ಲಕ್ಷ ಪದದ ಇಂಗ್ಲಿಷ್ ಬರಹ ಕೂಡಿಹಾಕಿದ್ರು, ಆಮೇಲೆ ಒಂದೊಂದು ಪದಕ್ಕೂ ಇದು ನೌನು ಇದು ವರ್ಬು ಅಂತ ಚೀಟಿ ಅಂಟಿಸಿದ್ರು. ತಮಾಷೆ ಏನಂದ್ರೆ ಅಕ್ಕಪಕ್ಕ ನೋಡ್ದೆ, ಪ್ರತಿ ಪದಕ್ಕೂ ಅದು ಜಾಸ್ತಿ ಸಲ ಯಾವುದಾಗಿ ಬರತ್ತೋ ಅದನ್ನೇ ಕಣ್ಮುಚ್ಚಿ ಅಂಟಿಸಿದ್ರೂ ನೂರಕ್ಕೆ ತೊಂಬತ್ತರ ಹತ್ರ ಸರಿ ಬರತ್ತೆ. ಉಳಿದ ಹತ್ತಕ್ಕೇ ದಶಕಗಟ್ಟಲೆ ರಿಸರ್ಚು.

ಹೇಳೋದು ಮರೆತೆ, ನಮ್ ಫೀಲ್ಡಲ್ಲಿ ಬರೆಯೋರು ದಿನಾ ತಪ್ಪು ಮಾಡೋ ಒಂದು ಗುಂಪಿದೆ. ಲಾಗಿನ್, ಸೆಟಪ್, ಬ್ಯಾಕಪ್, ಚೆಕೌಟ್. ಒಟ್ಟಿಗೆ ಸೇರಿಸಿ ಬರೆದ್ರೆ ನೌನು, ಬಿಡಿಸಿ ಎರಡು ಪದ ಮಾಡಿದ್ರೆ ವರ್ಬು. "ಪ್ಲೀಸ್ ಬ್ಯಾಕಪ್ ದಿ ಡೇಟಾ" ಅಂತ ಒಂದೇ ಪದವಾಗಿ ಬರೆದಿರೋ ಮೇಲು ವಾರಕ್ಕೆಷ್ಟು ಬರತ್ತೋ. ಪಾಸ್ಟ್ ಟೆನ್ಸ್ ಹಾಕಿ ನೋಡಿ ಗೊತ್ತಾಗತ್ತೆ, ಬ್ಯಾಕ್ಡ್ ಅಪ್ ಅಂತೀವಿ, ಬ್ಯಾಕಪ್ಡ್ ಅನ್ನಲ್ಲ.

ಫಿಲ್ಟರ್_ಕಾಫಿ
ಅಬ್ಬಾ, ಒಂದು ಹೋಮ್‌ವರ್ಕಿಗೆ ಇಷ್ಟು ದೊಡ್ಡ ಚರ್ಚೆ ಆಗತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮೇಷ್ಟ್ರ "ಎ ಹಾಕಿ ನೋಡು, ಕ್ಯಾನ್ ಹಾಕಿ ನೋಡು" ಟ್ರಿಕ್ಕು ಅವಳಿಗೆ ಹತ್ತು ನಿಮಿಷದಲ್ಲಿ ಬಂತು, ಈಗ ಪೇಪರ್ ಹೆಡ್‌ಲೈನಿಗೆಲ್ಲ ಹಾಕ್ತಾ ಕೂತಿದಾಳೆ. "ಡಾಕ್ಟರ್ಡ್ ವಿಡಿಯೋ" ಅಂತ ಒಂದು ಕಡೆ ಬಂದಿತ್ತು, ಡಾಕ್ಟರ್ ವರ್ಬ್ ಆದ್ರೆ ವಾಸಿ ಮಾಡು ಅಂತ ಅಲ್ವಾ, ಮತ್ತೆ ಇದ್ಯಾಕೆ ಕೆಟ್ಟ ಅರ್ಥ ಅಂತ ಕೇಳಿದ್ಲು.

ಹಳೇ_ಪುಸ್ತಕ
@ಫಿಲ್ಟರ್_ಕಾಫಿ ಚಿಕಿತ್ಸೆ ಕೊಡು ಅನ್ನೋ ಅರ್ಥಾನೂ ಇದೆ. ಏನೋ ಬೆರಸಿ, ತಿದ್ದಿ, ಇದ್ದದ್ದನ್ನ ಬೇರೆ ಮಾಡು ಅನ್ನೋ ಅರ್ಥ ಜೊತೆಗೆ ಬೆಳೀತು, ಇವತ್ತು ಪೇಪರಲ್ಲಿ ಕಾಣೋದು ಹೆಚ್ಚಾಗಿ ಅದೇ. ನರ್ಸ್ ಅನ್ನೋ ವರ್ಬಿಗೆ ಮಾತ್ರ ಒಳ್ಳೇ ಹೆಸರು ಉಳೀತು, ಡಾಕ್ಟರ್‌ಗಳು ಬೇಜಾರು ಮಾಡ್ಕೋಬೇಡಿ.

ಹುಬ್ಳಿ_ಮಂದಿ
ಕುಸುಮಾ ಅವರು "ಮಾಡು" ಒಂದ ಹೇಳಿದ್ರು, ನಮ್ಮ ಕಡೆ ಮಾಡು ಅಷ್ಟ ಅಲ್ರಿ, ಹೊಡಿ, ಹಾಕು, ಕೊಡು, ಆಗು, ಎಲ್ಲಾ ಅದಾವು. ಮತ್ತ ಯಾವುದು ಹಚ್ಚತೀರಿ ಅನ್ನೂದರ ಮ್ಯಾಲ ಅರ್ಥ ಬ್ಯಾರೆ. ಗಾಡಿಗೆ ಬ್ರೇಕ್ ಹಾಕು, ಕೆಲಸದ ನಡುವ ಬ್ರೇಕ್ ತಗೋ, ರೆಕಾರ್ಡ್ ಬ್ರೇಕ್ ಮಾಡು. ಪ್ಲಾನ್ ಡ್ರಾಪ್ ಮಾಡಿದಾ ಅಂದ್ರ ಕೈ ಬಿಟ್ಟಾ, ಸ್ಟೇಶನ್ ಮಟ ಡ್ರಾಪ್ ಕೊಟ್ಟಾ ಅಂದ್ರ ಗಾಡ್ಯಾಗ ಬಿಟ್ಟು ಬಂದಾ. ಸುದ್ದಿ ಕೇಳಿ ಶಾಕ್ ಆತು, ಸ್ವಿಚ್ ಮುಟ್ಟಿ ಶಾಕ್ ಹೊಡೀತು. ಇಂಗ್ಲಿಷಿನವರು ನೌನೊ ವರ್ಬೊ ಅಂತ ಜಾಗಾ ನೋಡತಾರ, ನಾವು ಪಕ್ಕದ ಕ್ರಿಯಾಪದ ನೋಡತೀವಿ.

ಕರಾವಳಿ_ಕುಸುಮ
@ಹುಬ್ಳಿ_ಮಂದಿ ಶಾಕ್ ಹೊಡೀತು, ಇದು ಭಾರಿ ಒಳ್ಳೆಯದುಂಟು. ನಾಳೆ ಕ್ಲಾಸಲ್ಲಿ ಬಳಸ್ತೇನೆ. ಮತ್ತೆ ಇನ್ನೊಂದು ಕ್ರಮವೂ ಉಂಟಲ್ಲ ನಮ್ಮಲ್ಲಿ, "ಇಸು" ಹಚ್ಚುದು. ಫೋಟೋ ಕ್ಲಿಕ್ಕಿಸಿದರು ಅಂತ ಪೇಪರಿನವರು ಧೈರ್ಯವಾಗಿ ಬರೀತಾರೆ, ಟೈಪಿಸು, ಟ್ವೀಟಿಸು ಕೂಡ ನಡೀತಾ ಉಂಟು.

ಮಲ್ನಾಡ್_ಅಡಿಕೆ
ಕ್ಲಿಕ್ಕಿಸು ಓಕೆ, ಗೂಗಲಿಸು ಕೂಡ ಸಹಿಸ್ಕೊಳ್ತೀನಿ. ವಾಟ್ಸಾಪಿಸು ಅಂತ ಯಾರಾದ್ರೂ ಅಂದ್ರೆ ಬ್ಲಾಕಿಸ್ತೀನಿ.

ನ್ಯೂಜೆರ್ಸಿ_ನಿಂಗ
@ಮಲ್ನಾಡ್_ಅಡಿಕೆ 😂😂 @ಹುಬ್ಳಿ_ಮಂದಿ ಅಣ್ಣ, ಸ್ವಿಚ್ಚಿನ ಶಾಕಿಗೆ ಇಂಗ್ಲಿಷಲ್ಲೂ ಬೇರೆ ದಾರಿ ಇದೆ. "ಐ ವಾಸ್ ಶಾಕ್ಡ್" ಅಂದ್ರೆ ಹೆಚ್ಚಾಗಿ ಸುದ್ದಿ ಕೇಳಿ ದಂಗಾದೆ ಅಂತಾನೇ ತಗೊಳ್ತಾರೆ, ಕರೆಂಟ್ ಹೊಡೆದಿದ್ರೆ "ಐ ಗಾಟ್ ಎ ಶಾಕ್ ಫ್ರಮ್ ದಿ ಸ್ವಿಚ್" ಅಂತ ನೌನ್ ಮಾಡಿ ಹೇಳೋದು ಸೇಫು.

ಮಂಡ್ಯದ_ಮೇಷ್ಟ್ರು
@ಎಕ್ಸಾಂ_ವಾರಿಯರ್ ಪಿಡಿಎಫ್ ಇಲ್ಲ ಕಣಪ್ಪ. ಮೇಲೆ ಐದು ಜೋಡಿ ಕೊಟ್ಟಿದೀನಿ, ಅದನ್ನ ನಿನ್ ಕೈಯಾರೆ ಬರ್ಕೊಂಡು ಒಂದೊಂದಕ್ಕೂ ಸ್ವಂತ ವಾಕ್ಯ ಮಾಡಿ ಇಲ್ಲೇ ಹಾಕು, ತಿದ್ದಿ ಕೊಡ್ತೀನಿ.

ಎಕ್ಸಾಂ_ವಾರಿಯರ್
ಓಕೆ ಸಾರ್. 1) ಐ ಪೇಡ್ ಎ ವಿಸಿಟ್ ಟು ಹಂಪಿ. ಐ ವಿಸಿಟೆಡ್ ಹಂಪಿ. 2) ಮೈ ಆನ್ಸರ್ ಟು ಹಿಮ್ ವಾಸ್ ನೋ. ಐ ಆನ್ಸರ್ಡ್ ಟು ಹಿಮ್ ನೋ. ಉಳಿದಿದ್ದು ರಾತ್ರಿ ಹಾಕ್ತೀನಿ ಸಾರ್

ಮಂಡ್ಯದ_ಮೇಷ್ಟ್ರು
ಒಂದನೇದು ಸರಿ. ಎರಡನೇದ್ರಲ್ಲಿ ಮೊದಲ ವಾಕ್ಯ ಸರಿ, ಎರಡನೇದ್ರಲ್ಲಿ "ಟು" ತೆಗಿ, ಕೊನೇಲಿರೋ "ನೋ"ನೂ ತೆಗಿ. "ಐ ಆನ್ಸರ್ಡ್ ಹಿಮ್" ಅಷ್ಟೇ ಸಾಕು. ಉಳಿದ ಮೂರು ಕಳ್ಸು.